ಯಾವ ಶಿರೂರು? ಗುಡ್ಡ ಕುಸಿತದ ಸುದ್ದಿಗಳನ್ನು ಕಂಪ್ಯೂಟರಿಗೆ ಓದಿಸುವ ಕೆಲಸ

2024ರ ಜುಲೈ 16, ಮಂಗಳವಾರ ಬೆಳಗ್ಗೆ. ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದ ಗುಡ್ಡ ಜರಿದು ಬಿತ್ತು. ರಸ್ತೆ ಬದಿಯ ಚಹಾದಂಗಡಿ, ಅಲ್ಲಿ ನಿಂತಿದ್ದ ವಾಹನಗಳು, ಜನ ಎಲ್ಲ ಮಣ್ಣಿನಡಿಗೆ ಹೋದರು. ಮಣ್ಣು ಹೆದ್ದಾರಿ ದಾಟಿ ಗಂಗಾವಳಿ ನದಿಗೂ ಇಳಿಯಿತು. ನದಿಯ ನೀರು ಒಮ್ಮೆಗೇ ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಗುಡ್ಡ ಜರಿದದ್ದು ಈ ದಡದಲ್ಲಿ, ಮನೆ ಹೋದದ್ದು ಆ ದಡದಲ್ಲಿ.

ಸರಿಯಾಗಿ ಎರಡು ವಾರ ಕಳೆದು, ಜುಲೈ 30ರ ಮಂಗಳವಾರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಕೊಚ್ಚಿಹೋದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಆ ದಿನಗಳಲ್ಲಿ ಮೊಬೈಲ್ ತೆರೆದರೆ ಬೇರೆ ಸುದ್ದಿಯೇ ಇರಲಿಲ್ಲ.

ಈಗ ಒಂದು ಪ್ರಶ್ನೆ ಇಟ್ಟುಕೊಳ್ಳೋಣ. ಕಾರವಾರದಿಂದ ಬೈಂದೂರಿನವರೆಗೆ ಇದೇ ಹೆದ್ದಾರಿಯಲ್ಲಿ ಕಳೆದ ಇಪ್ಪತ್ತು ವರ್ಷಗಳಲ್ಲಿ ಎಲ್ಲೆಲ್ಲಿ ಗುಡ್ಡ ಜರಿದಿದೆ? ಪ್ರತಿ ಸಲವೂ ಅದಕ್ಕೆ ಮುಂಚೆ ಎಷ್ಟು ಮಳೆ ಸುರಿದಿತ್ತು? ಗುಡ್ಡವನ್ನು ರಸ್ತೆಗಾಗಿ ಕಡಿದಿದ್ದರಾ? ಇವಕ್ಕೆಲ್ಲ ಉತ್ತರ ಇದೆ. ಆದರೆ ಒಂದೇ ಕಡೆ ಇಲ್ಲ. ಸ್ವಲ್ಪ ಯಾವುದೋ ಪತ್ರಿಕೆಯ ಜಿಲ್ಲಾ ಪುಟದಲ್ಲಿದೆ, ಸ್ವಲ್ಪ ಜಿಲ್ಲಾಡಳಿತದ ಪ್ರಕಟಣೆಯಲ್ಲಿದೆ, ಸ್ವಲ್ಪ ಯಾರೋ ಹಾಕಿದ ವಿಡಿಯೊದಲ್ಲಿದೆ. ಇವನ್ನೆಲ್ಲ ಅಂತರ್ಜಾಲದಿಂದ ಆರಿಸಿ ತಂದು, ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಹಾಗೆ ಜೋಡಿಸಿಡುವುದು ಹೇಗೆ? ಈ ಲೇಖನ ಅದರ ಬಗ್ಗೆ. ಪ್ರವಾಹ, ಚಂಡಮಾರುತ, ಕಾಳ್ಗಿಚ್ಚಿಗೂ ಇದೇ ದಾರಿ ಹಿಡಿಯಬಹುದು. ನಾನು ಗುಡ್ಡ ಕುಸಿತವನ್ನೇ ಹಿಡಿದು ಹೇಳುತ್ತೇನೆ, ಯಾಕೆಂದರೆ ಅಂತರ್ಜಾಲದ ಅಗತ್ಯ ಅದಕ್ಕೇ ಎಲ್ಲಕ್ಕಿಂತ ಜಾಸ್ತಿ.

ಯಾಕೆ ಅಂತೀರಾ? ಭೂಕಂಪ ಆದರೆ ಸಾವಿರಾರು ಮೈಲಿ ದೂರದ ಭೂಕಂಪ ಮಾಪಕವೂ ಗುರುತಿಸುತ್ತದೆ. ಮಳೆಗೆ ಮಳೆಮಾಪಕ ಇದೆ. ನದಿಯ ಮಟ್ಟ ಅಳೆಯಲು ಸೇತುವೆಯ ಕಂಬದ ಮೇಲೆ ಗುರುತಿದೆ. ಆದರೆ ಗುಡ್ಡ ಜರಿಯುವುದನ್ನು ಎಲ್ಲ ಕಡೆ ತಾನಾಗಿ ದಾಖಲಿಸುವ ಯಂತ್ರ ಇಲ್ಲ. ಯಾರೋ ಕಂಡು, ಇನ್ಯಾರಿಗೋ ಹೇಳಿ, ಅದು ಸುದ್ದಿಯಾದರೆ ಮಾತ್ರ ಲೋಕಕ್ಕೆ ಗೊತ್ತಾಗುತ್ತದೆ.

ನಾಸಾದ ಪಟ್ಟಿ

ಈ ಕೊರತೆಯನ್ನು ಮನಗಂಡು ಕೆಲಸಕ್ಕಿಳಿದವರಲ್ಲಿ ಅಮೆರಿಕದ ನಾಸಾ ಮುಖ್ಯ. ಅಲ್ಲಿನ ಗಾಡರ್ಡ್ ಕೇಂದ್ರದ ವಿಜ್ಞಾನಿ ಡಾಲಿಯಾ ಕಿರ್ಷ್‌ಬಾಮ್ ಮತ್ತು ಜೊತೆಯವರು 2007ರಿಂದ ಆಚೆಗಿನ ಭೂಕುಸಿತಗಳನ್ನು ದಾಖಲಿಸುತ್ತಾ ಹೋದರು. ಮುಖ್ಯ ಆಧಾರ ಅಂತರ್ಜಾಲದಲ್ಲಿ ಸಿಗುವ ಸುದ್ದಿ ಮತ್ತು ವಿಪತ್ತು ವರದಿಗಳು. ಮಳೆಯಿಂದ ಗುಡ್ಡ ಜರಿದ ಸುದ್ದಿ ಜಗತ್ತಿನ ಎಲ್ಲೇ ಕಂಡರೂ ಜನ ಕೂತು ಓದಿ, ಒಂದೊಂದನ್ನೂ ಒಂದು ಸಾಲಾಗಿ ಬರೆದಿಟ್ಟರು. ಯಾವ ದಿನ, ಎಲ್ಲಿ, ಎಷ್ಟು ದೊಡ್ಡದು, ಕಾರಣ ಏನು, ಎಷ್ಟು ಜನ ಸತ್ತರು, ಈ ಮಾಹಿತಿ ಸಿಕ್ಕಿದ್ದು ಯಾವ ಕೊಂಡಿಯಿಂದ. ಹೀಗೆ ಕಟ್ಟಿದ ಪಟ್ಟಿಯಲ್ಲಿ ಹನ್ನೊಂದು ಸಾವಿರದಷ್ಟು ಘಟನೆಗಳಿವೆ. 2018ರಲ್ಲಿ ಇದನ್ನು ಸಾರ್ವಜನಿಕರಿಗೂ ತೆರೆದರು. ಈಗ ಯಾರು ಬೇಕಾದರೂ ತಾವು ಕಂಡ ಕುಸಿತವನ್ನು ಸೇರಿಸಬಹುದು.

ಆ ಪಟ್ಟಿಯಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಕಾಲಂ ಇದೆ. ಜಾಗದ ಪಕ್ಕದಲ್ಲೇ ಆ ಜಾಗ ಎಷ್ಟು ಖಚಿತ ಅನ್ನುವುದನ್ನೂ ಬರೆಯುತ್ತಾರೆ. ಸರಿಯಾಗಿ ಇಲ್ಲೇ, ಅಥವಾ 1 ಕಿಲೋಮೀಟರ್ ಒಳಗೆ, 5 ಕಿಲೋಮೀಟರ್ ಒಳಗೆ, 25 ಕಿಲೋಮೀಟರ್ ಒಳಗೆ, ಹೀಗೆ. ಸುದ್ದಿಯಲ್ಲಿ ‘ಮಡಿಕೇರಿ ತಾಲ್ಲೂಕಿನಲ್ಲಿ’ ಎಂದಷ್ಟೇ ಇದ್ದರೆ ನಕ್ಷೆಯಲ್ಲಿ ಎಲ್ಲೋ ಒಂದು ಚುಕ್ಕೆ ಇಡಲೇಬೇಕಲ್ವಾ? ಆಗ ಚುಕ್ಕೆಯ ಜೊತೆಗೆ ‘ಇದು ಅಂದಾಜು’ ಎಂಬ ಮಾತೂ ದಾಖಲಾಗಿರುತ್ತದೆ. ಮುಂದೆ ಆ ಪಟ್ಟಿ ಬಳಸುವವರು ಅಂದಾಜಿನ ಚುಕ್ಕೆಯನ್ನು ಖಚಿತ ಎಂದುಕೊಂಡು ಮೋಸ ಹೋಗುವುದಿಲ್ಲ.

ಬೆಲ್ಜಿಯಂನಲ್ಲಿ 1988ರಲ್ಲಿ ಶುರುವಾದ ಇಎಂ-ಡ್ಯಾಟ್ ಎಂಬ ಇನ್ನೊಂದು ದೊಡ್ಡ ವಿಪತ್ತು ದಾಖಲೆಯೂ ಇದೆ. ಅದರ ಹಳೆಯ ನಿಯಮ ಹೀಗೆ: 10 ಜನ ಸತ್ತಿರಬೇಕು, ಅಥವಾ 100 ಜನಕ್ಕೆ ತೊಂದರೆ ಆಗಿರಬೇಕು, ಅಥವಾ ತುರ್ತು ಪರಿಸ್ಥಿತಿ ಘೋಷಣೆ ಇಲ್ಲವೇ ಹೊರದೇಶದ ನೆರವಿಗೆ ಕೋರಿಕೆ ಆಗಿರಬೇಕು. ದೇಶದೇಶಗಳನ್ನು ಹೋಲಿಸಲು ಇದು ಸರಿ. ಆದರೆ ನಮ್ಮ ಘಟ್ಟದಲ್ಲಿ ಮಳೆಗಾಲ ಪೂರ್ತಿ ಜರಿಯುವ ಸಣ್ಣ ಗುಡ್ಡಗಳು ಈ ಜರಡಿಯಲ್ಲಿ ನಿಲ್ಲುವುದೇ ಇಲ್ಲ. ದೊಡ್ಡದು ಬೀಳುವ ಮುಂಚೆ ಅದೇ ಜಾಗದಲ್ಲಿ ಸಣ್ಣದು ಬಿದ್ದಿತ್ತಾ ಎಂದು ನೋಡಲು ಬೇಕಾಗುವುದು ಆ ಸಣ್ಣವೇ.

‘ಕುಸಿತ’ ಎಂದು ಹುಡುಕಿದರೆ

ಸಣ್ಣವು ಬೇಕು ಅಂದರೆ ಸ್ಥಳೀಯ ಭಾಷೆಯ ಸುದ್ದಿಗೆ ಹೋಗಬೇಕು. ನಾಸಾದ ಪಟ್ಟಿ ಕಟ್ಟಿದವರೇ ತಮ್ಮ ಮಿತಿ ಒಪ್ಪಿಕೊಂಡಿದ್ದಾರೆ: ಇಂಗ್ಲಿಷ್ ಸುದ್ದಿಯಲ್ಲಿ ಬರುವ ಘಟನೆಗಳೇ ಅದರಲ್ಲಿ ಜಾಸ್ತಿ. ಚಾರ್ಮಾಡಿ ಘಾಟಿಯಲ್ಲಿ ಒಂದು ತಿರುವಿನ ಮಣ್ಣು ಜಾರಿ ಎರಡು ಗಂಟೆ ಬಸ್ಸು ನಿಂತರೆ ಅದು ಇಂಗ್ಲಿಷ್ ಪತ್ರಿಕೆಗೆ ಬಾರದೇ ಇರಬಹುದು. ಕನ್ನಡ ಪತ್ರಿಕೆಯ ಸ್ಥಳೀಯ ಪುಟದಲ್ಲಿ ನಾಲ್ಕು ಸಾಲಾದರೂ ಬಂದಿರುತ್ತದೆ.

ಅಂತರ್ಜಾಲದಿಂದ ಸುದ್ದಿ ತರುವ ಪ್ರೋಗ್ರಾಂಗೆ ಕ್ರಾಲರ್ ಎನ್ನುತ್ತಾರೆ. ಅದು ಒಂದು ಪುಟ ತೆರೆಯುತ್ತದೆ, ಅದರಲ್ಲಿರುವ ಬರಹ ತೆಗೆದುಕೊಳ್ಳುತ್ತದೆ, ಅಲ್ಲಿರುವ ಕೊಂಡಿಗಳನ್ನು ಹಿಡಿದು ಮುಂದಿನ ಪುಟಕ್ಕೆ ಹೋಗುತ್ತದೆ. ಇದೇನೂ ಕಷ್ಟದ ಭಾಗ ಅಲ್ಲ. ಕಾಲೇಜು ಹುಡುಗರು ಒಂದು ವಾರದಲ್ಲಿ ಬರೆದು ಮುಗಿಸುತ್ತಾರೆ. ಕಷ್ಟ ಶುರುವಾಗುವುದು ತಂದ ರಾಶಿಯಲ್ಲಿ ನಮಗೆ ಬೇಕಾದದ್ದು ಯಾವುದು ಎಂದು ಆರಿಸುವಾಗ.

‘ಕುಸಿತ’ ಎಂಬ ಪದ ಕೊಟ್ಟು ಹುಡುಕಿ ನೋಡಿ. ಗುಡ್ಡ ಕುಸಿತ ಬರುತ್ತದೆ. ಜೊತೆಗೆ ಅಡಿಕೆ ಬೆಲೆ ಕುಸಿತ, ಷೇರುಪೇಟೆ ಕುಸಿತ, ಅಂತರ್ಜಲ ಮಟ್ಟ ಕುಸಿತ, ಶಾಲೆಯ ಗೋಡೆ ಕುಸಿತ ಎಲ್ಲ ಬರುತ್ತವೆ. ಸರಿ, ‘ಭೂಕುಸಿತ’ ಎಂದೇ ಹುಡುಕೋಣ ಅಂದರೆ ಅರ್ಧಕ್ಕರ್ಧ ಸುದ್ದಿ ತಪ್ಪಿಹೋಗುತ್ತದೆ. ಯಾಕೆಂದರೆ ಜನ ಹಾಗೆ ಹೇಳುವುದೇ ಕಡಿಮೆ. ಕರಾವಳಿಯಲ್ಲಿ ಗುಡ್ಡ ಜರಿಯಿತು ಅನ್ನುತ್ತಾರೆ. ಮಲೆನಾಡಿನಲ್ಲಿ ಧರೆ ಕುಸಿಯಿತು ಅನ್ನುತ್ತಾರೆ. ಕೊಡಗು, ಚಿಕ್ಕಮಗಳೂರು ಕಡೆ ಬರೆ ಜರಿಯಿತು ಅನ್ನುತ್ತಾರೆ. 2018ರ ಕೊಡಗಿನ ದುರಂತದಲ್ಲಿ ‘ಜಲಸ್ಫೋಟ’ ಎಂಬ ಮಾತೂ ಓಡಾಡಿತು.

ಇವನ್ನೆಲ್ಲ ಸೇರಿಸಿದರೆ ಹೊಸ ಗೊಂದಲ. ‘ಧರೆ’ ಎಂದು ಹುಡುಕಿದರೆ ‘ಗಾಳಿ ಮಳೆಗೆ ಧರೆಗುರುಳಿದ ಮರ’ ಬಂದು ಕೂರುತ್ತದೆ. ‘ಬರೆ’ ಎಂದರೆ ‘ಗ್ರಾಹಕರಿಗೆ ವಿದ್ಯುತ್ ದರ ಏರಿಕೆಯ ಬರೆ’ ಬರುತ್ತದೆ. ಹೀಗಾಗಿ ಪದ ಮಾತ್ರ ನೋಡಿದರೆ ಸಾಲದು, ಅಕ್ಕಪಕ್ಕದ ಪದಗಳನ್ನೂ ನೋಡಬೇಕು. ಹತ್ತಿರದಲ್ಲಿ ಮಳೆ, ರಸ್ತೆ, ಸಂಚಾರ, ಮಣ್ಣು ತೆರವು, ಜೆಸಿಬಿ ಎಂಬ ಮಾತುಗಳಿದ್ದರೆ ಅದು ಬಹುಶಃ ನಮ್ಮ ಸುದ್ದಿ. ಕ್ವಿಂಟಲ್, ರೂಪಾಯಿ, ಮಂಡಿ ಇದ್ದರೆ ಅಲ್ಲ. ಮನುಷ್ಯರು ಕೆಲವು ಸಾವಿರ ಸುದ್ದಿಗಳನ್ನು ಓದಿ ‘ಇದು ಹೌದು, ಇದು ಅಲ್ಲ’ ಎಂದು ಗುರುತು ಹಾಕಿಕೊಟ್ಟರೆ, ಕಂಪ್ಯೂಟರ್ ಆ ಗುರುತುಗಳಿಂದ ಈ ಸೂಕ್ಷ್ಮ ಕಲಿಯುತ್ತದೆ. ಆ ಗುರುತು ಹಾಕುವವರಿಗೆ ಬರೆ ಅಂದರೇನು ಗೊತ್ತಿರಬೇಕು. ಇದು ಬೆಂಗಳೂರಿನ ಆಫೀಸಿನಲ್ಲಿ ಕೂತು ಸುಮ್ನೆ ಮಾಡಿ ಮುಗಿಸುವ ಕೆಲಸ ಅಲ್ಲ.

ಗಡಿ ದಾಟಿದರೆ ಪದ ಮತ್ತೆ ಬದಲಾಗುತ್ತದೆ. ಮಲಯಾಳದಲ್ಲಿ ನೀರು, ಕಲ್ಲು, ಮಣ್ಣು ಒಟ್ಟಾಗಿ ನುಗ್ಗಿ ಬರುವುದಕ್ಕೆ ‘ಉರುಳ್‌ಪೊಟ್ಟಲ್’ ಎನ್ನುತ್ತಾರೆ, ಬರಿ ಮಣ್ಣು ಜಾರುವುದಕ್ಕೆ ‘ಮಣ್ಣಿಡಿಚ್ಚಿಲ್’ ಎನ್ನುತ್ತಾರೆ. ವಿಜ್ಞಾನಿಗಳೂ ಈ ಎರಡನ್ನು ಬೇರೆ ಬೇರೆ ಬಗೆ ಎಂದೇ ಲೆಕ್ಕ ಹಿಡಿಯುತ್ತಾರೆ. ಎರಡನ್ನೂ ‘ಭೂಕುಸಿತ’ ಎಂದು ಒಂದೇ ಡಬ್ಬಿಗೆ ಹಾಕಿದರೆ ಊರಿನವರು ಪದದಲ್ಲೇ ಹೇಳಿದ್ದ ಮಾಹಿತಿಯನ್ನು ನಾವು ಕೈಯಾರೆ ಕಳೆದ ಹಾಗೆ.

ಹಳೆಯ ಸುದ್ದಿಗೆ ಇನ್ನೊಂದು ಅಡ್ಡಿ. 2009ರ ಅಕ್ಟೋಬರ್‌ನಲ್ಲಿ ಕಾರವಾರದ ಹತ್ತಿರ ಕಡವಾಡದ ಝರಿವಾಡದಲ್ಲಿ ಗುಡ್ಡ ಜರಿದು ಮನೆಗಳು ಮುಚ್ಚಿಹೋದವು. ಆ ಕಾಲದ ಕನ್ನಡ ಪುಟಗಳಲ್ಲಿ ಎಷ್ಟೋ, ಇವತ್ತು ಎಲ್ಲ ಕಡೆ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿ ಇಲ್ಲ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಅಕ್ಷರ ಸಂಕೇತದಲ್ಲಿ ಬರೆದದ್ದು ಇವತ್ತಿನ ಹುಡುಕಾಟಕ್ಕೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಪತ್ರಿಕೆಯ ಪುಟವನ್ನೇ ಚಿತ್ರವಾಗಿ ಹಾಕಿದ್ದರೆ ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ ಬೇಕು. ಅದು ಕನ್ನಡದ ಒತ್ತಕ್ಷರಗಳಲ್ಲಿ ಎಡವುತ್ತದೆ. ಕೆಲವು ಕೊಂಡಿಗಳಂತೂ ಸತ್ತೇ ಹೋಗಿವೆ. ಆದ್ದರಿಂದ ಸುದ್ದಿ ಸಿಕ್ಕ ದಿನವೇ ಅದರ ಒಂದು ಪ್ರತಿಯನ್ನು ತೆಗೆದಿಡುವುದು ಈ ಕೆಲಸದ ಮೊದಲ ಅಭ್ಯಾಸ ಆಗಬೇಕು.

ಎರಡು ಸಾಲಿನ ಸುದ್ದಿಯಲ್ಲಿ ಎಷ್ಟು ತೊಡಕು

ಬೇಕಾದ ಸುದ್ದಿ ಸಿಕ್ಕಿತು ಅಂದುಕೊಳ್ಳೋಣ. ಪತ್ರಿಕೆಗಳಲ್ಲಿ ಬರುವ ಧಾಟಿಯಲ್ಲೇ ನಾನೊಂದು ಮಾದರಿ ಬರೆಯುತ್ತೇನೆ:

‘ಮಂಗಳವಾರ ಸುರಿದ ಭಾರಿ ಮಳೆಗೆ ಶಿರೂರಿನಲ್ಲಿ ಗುಡ್ಡ ಜರಿದು ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂಚಾರ ಸ್ಥಗಿತಗೊಂಡಿದೆ. ಮಣ್ಣಿನಡಿ ಹಲವರು ಸಿಲುಕಿರುವ ಶಂಕೆ ಇದೆ.’

ನಮಗೆ ಇದು ಓದಿದ ಕೂಡಲೇ ಅರ್ಥವಾಗುತ್ತದೆ. ಕಂಪ್ಯೂಟರಿಗೆ ಹೆಜ್ಜೆ ಹೆಜ್ಜೆಗೂ ತೊಡಕು.

ಮೊದಲು ‘ಮಂಗಳವಾರ’. ಯಾವ ಮಂಗಳವಾರ? ಸುದ್ದಿ ಪ್ರಕಟವಾದ ದಿನಾಂಕ ನೋಡಿ ಲೆಕ್ಕ ಹಾಕಬೇಕು. ಆದರೆ ಎಷ್ಟೋ ಪುಟಗಳಲ್ಲಿ ಪ್ರಕಟವಾದ ದಿನ ಒಂದು, ತಿದ್ದಿದ ದಿನ ಇನ್ನೊಂದು. ಶಿರೂರೂ ಮಂಗಳವಾರ, ವಯನಾಡೂ ಮಂಗಳವಾರ. ಹದಿನಾಲ್ಕು ದಿನ ಆಚೀಚೆ ಆದರೆ ಮಳೆಯ ಲೆಕ್ಕವೇ ಬುಡಮೇಲು.

ಆಮೇಲೆ ‘ಶಿರೂರಿನಲ್ಲಿ’. ಕನ್ನಡದಲ್ಲಿ ಊರಿನ ಹೆಸರು ವಿಭಕ್ತಿ ಸೇರಿಸಿಕೊಂಡು ರೂಪ ಬದಲಿಸುತ್ತದೆ: ಶಿರೂರಿಗೆ, ಶಿರೂರಿನಿಂದ, ಶಿರೂರಿನವರು. ಕೊಡಗು ಎಂಬುದು ‘ಕೊಡಗಿನ’ ಆದಾಗ ಕೊನೆಯ ಉಕಾರವೇ ಮಾಯ. ಮೊದಲು ಇದನ್ನು ಬಿಡಿಸಿ ಮೂಲ ಹೆಸರಿಗೆ ಬರಬೇಕು. ಬಂದೆವು, ಶಿರೂರು. ಈಗ ಯಾವ ಶಿರೂರು? ಅಂಕೋಲಾ ತಾಲ್ಲೂಕಿನಲ್ಲಿ ಒಂದಿದೆ. ಉಡುಪಿ ಜಿಲ್ಲೆಯ ಬೈಂದೂರು ತಾಲ್ಲೂಕಿನಲ್ಲಿ ಇನ್ನೊಂದಿದೆ. ಬಾಗಲಕೋಟೆ ಕಡೆ ಮತ್ತೊಂದಿದೆ. ಹೆದ್ದಾರಿ 66 ಎಂಬ ಸುಳಿವು ಹಿಡಿದು ಬಾಗಲಕೋಟೆಯನ್ನು ಬಿಡಬಹುದು. ಆದರೆ ಬೈಂದೂರಿನ ಶಿರೂರೂ ಅದೇ ಹೆದ್ದಾರಿಯ ಮೇಲಿದೆ! ಸುದ್ದಿಯಲ್ಲಿ ಗಂಗಾವಳಿ, ಅಂಕೋಲಾ, ಕಾರವಾರ ಇವುಗಳಲ್ಲಿ ಒಂದಾದರೂ ಇದ್ದರೆ ಗೆದ್ದೆವು. ಇಲ್ಲದಿದ್ದರೆ ಸುದ್ದಿ ಯಾವ ಊರಿನ ವರದಿಗಾರರಿಂದ ಬಂತು ಎಂದು ಮೇಲಿನ ಸಾಲು ನೋಡಬೇಕು. ಅದೂ ಇಲ್ಲದಿದ್ದರೆ ಚುಕ್ಕೆ ಇಡಬಾರದು, ಮನುಷ್ಯರ ಕೈಗೆ ಕೊಡಬೇಕು. ಯಂತ್ರ ಧೈರ್ಯವಾಗಿ ಒಂದನ್ನು ಆರಿಸಿಬಿಟ್ಟರೆ ಚುಕ್ಕೆ ಹತ್ತಾರು ಕಿಲೋಮೀಟರ್ ದೂರ ಹೋಗಿ, ಬೇರೆ ಜಿಲ್ಲೆಯಲ್ಲಿ ಕೂರುತ್ತದೆ. 2018ರಲ್ಲಿ ನಲುಗಿದ ಕೊಡಗಿನ ಮಾದಾಪುರದ್ದೂ ಇದೇ ಪಾಡು. ಮಾದಾಪುರಗಳು ರಾಜ್ಯದಲ್ಲಿ ಎಷ್ಟೊಂದಿವೆ.

‘ಹಲವರು’ ಎಂದರೆ ಎಷ್ಟು? ಸಂಖ್ಯೆ ಇಲ್ಲ ಎಂದೇ ಬರೆಯಬೇಕು, ಸೊನ್ನೆ ಎಂದಲ್ಲ. ‘ಶಂಕೆ ಇದೆ’ ಎಂಬುದನ್ನು ಸತ್ತರು ಎಂದು ಓದಬಾರದು. ಸಾವಿನ ಲೆಕ್ಕ ದಿನದಿನವೂ ಬದಲಾಗುತ್ತದೆ. ಒಂದೇ ಘಟನೆಯ ಮೇಲೆ ನೂರಾರು ವರದಿಗಳು ಬರುತ್ತವೆ. ಇವನ್ನು ಬೇರೆ ಬೇರೆ ಘಟನೆ ಎಂದು ಎಣಿಸಿದರೆ ಒಂದು ಶಿರೂರು ನೂರು ಶಿರೂರಾಗುತ್ತದೆ. ಹಾಗಾಗಿ ಒಂದೇ ಜಾಗ, ಹತ್ತಿರದ ದಿನಾಂಕ ಇರುವ ವರದಿಗಳನ್ನು ಒಂದು ಘಟನೆಯ ಕೆಳಗೆ ಕಟ್ಟುತ್ತಾರೆ. ಯಾವ ದಿನ ಯಾರು ಯಾವ ಸಂಖ್ಯೆ ಹೇಳಿದರು ಎಂಬುದನ್ನು ಅಳಿಸದೆ ಇಡುತ್ತಾರೆ. ಶಿರೂರಿನಲ್ಲಿ ನಾಪತ್ತೆಯಾಗಿದ್ದ ಲಾರಿ ಮತ್ತು ಅದರ ಚಾಲಕನ ದೇಹ ಗಂಗಾವಳಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ರಂದು, 71 ದಿನಗಳ ಮೇಲೆ. ಮೊದಲ ವಾರಕ್ಕೇ ಮುಚ್ಚಿಬಿಟ್ಟ ದಾಖಲೆಯಲ್ಲಿ ಆ ಜೀವ ಲೆಕ್ಕಕ್ಕೇ ಬರುವುದಿಲ್ಲ.

ಈಗ ಚಾಟ್‌ಜಿಪಿಟಿಯಂಥ ಭಾಷಾ ಮಾದರಿಗಳಿಗೆ ಸುದ್ದಿ ಕೊಟ್ಟು ‘ಇದರಿಂದ ದಿನ, ಜಾಗ, ಕಾರಣ ತೆಗೆದುಕೊಡು’ ಎಂದರೆ ಚೆನ್ನಾಗಿಯೇ ತೆಗೆಯುತ್ತವೆ. ಅಪಾಯ ಎಲ್ಲಿ ಅಂದರೆ, ಸುದ್ದಿಯಲ್ಲಿ ಇಲ್ಲದ್ದನ್ನೂ ತುಂಬಿಬಿಡುತ್ತವೆ. ಖಾಲಿ ಬಿಡಬೇಕಾದ ಕಡೆ ‘ಅರಣ್ಯ ನಾಶ’ ಎಂದು ಕಾರಣ ಬರೆದು ಕೊಡಬಹುದು. ಇದಕ್ಕೆ ಒಂದು ಸರಳ ಕಟ್ಟುಪಾಡು ಇದೆ. ಪ್ರತಿ ಉತ್ತರದ ಜೊತೆ ಅದು ಸುದ್ದಿಯ ಯಾವ ವಾಕ್ಯದಿಂದ ಬಂತೋ ಆ ವಾಕ್ಯವನ್ನೇ ತೋರಿಸಬೇಕು. ತೋರಿಸಲಾಗದ ಉತ್ತರವನ್ನು ದಾಖಲೆಗೆ ಸೇರಿಸಬಾರದು.

ಪಟ್ಟಿಯಿಂದ ತಿಳಿವಳಿಕೆಗೆ

ಇಷ್ಟೆಲ್ಲ ಮಾಡಿದರೂ ಕೈಯಲ್ಲಿರುವುದು ಒಂದು ಪಟ್ಟಿ. ಅದು ತಿಳಿವಳಿಕೆ ಆಗುವುದು ಸಂಬಂಧಗಳನ್ನು ಜೋಡಿಸಿದಾಗ.

ಉಳುವರೆಯನ್ನು ನೆನಪಿಸಿಕೊಳ್ಳಿ. ಪಟ್ಟಿಯ ಸಾಲಿನಲ್ಲಿ ‘ಜಾಗ: ಶಿರೂರು’ ಎಂದಿರುತ್ತದೆ. ಉಳುವರೆಗೆ ಅಲ್ಲಿ ಜಾಗವೇ ಇಲ್ಲ. ನಾಲೆಡ್ಜ್ ಗ್ರಾಫ್ ಎಂಬ ಜೋಡಣೆಯಲ್ಲಿ ಹೀಗಾಗುವುದಿಲ್ಲ. ಅಲ್ಲಿ ಗುಡ್ಡ, ಹೆದ್ದಾರಿ, ನದಿ, ಊರು ಪ್ರತಿಯೊಂದೂ ಒಂದು ಗಂಟು. ಗಂಟುಗಳ ನಡುವೆ ಹೆಸರಿರುವ ದಾರ. ಗುಡ್ಡ ಹೆದ್ದಾರಿಯ ಮೇಲೆ ಬಿತ್ತು, ಮಣ್ಣು ನದಿಗೆ ಇಳಿಯಿತು, ನದಿ ಆಚೆ ದಡದ ಊರಿಗೆ ನುಗ್ಗಿತು. ನಾಳೆ ಇನ್ನೊಂದು ನದಿಯ ದಡದಲ್ಲಿ ಕಡಿದಾದ ಗುಡ್ಡ ಕಂಡಾಗ ‘ಇದು ಬಿದ್ದರೆ ಎದುರು ದಡದಲ್ಲಿ ಯಾರಿದ್ದಾರೆ?’ ಎಂದು ಕೇಳಲು ಈ ದಾರಗಳು ಬೇಕು. ಬರಿ ಸಾಲುಗಳ ಪಟ್ಟಿಗೆ ಆ ಪ್ರಶ್ನೆ ಹೊಳೆಯುವುದೇ ಇಲ್ಲ.

ಇನ್ನೊಂದು ಜೋಡಣೆ ಮಳೆಯದ್ದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಹುಟ್ಟಿತು. ಇವತ್ತು ರಾಜ್ಯದ ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಅದರ ಸ್ವಯಂಚಾಲಿತ ಮಳೆಮಾಪಕಗಳಿವೆ. ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. ಇಷ್ಟು ಒತ್ತಾದ ಮಳೆ ಲೆಕ್ಕ ಕೈಯಲ್ಲಿರುವುದು ದೊಡ್ಡ ಭಾಗ್ಯ. ಆದರೆ ಮಳೆ ಎಷ್ಟಾದರೆ ಗುಡ್ಡ ಜರಿಯುತ್ತದೆ ಎಂದು ಮಳೆಮಾಪಕ ಒಂದೇ ಹೇಳಲಾರದು. ಜರಿದ ದಿನ, ಗಂಟೆ, ಜಾಗ ಬೇಕು. ಅದನ್ನು ಕೊಡುವುದು ಸುದ್ದಿ. ನೂರಾರು ಘಟನೆಗಳನ್ನು ಆ ದಿನದ ಮಳೆಗೂ ಹಿಂದಿನ ದಿನಗಳ ಮಳೆಗೂ ಹೊಂದಿಸಿದರೆ, ಈ ಭಾಗದಲ್ಲಿ ಇಷ್ಟು ಹೊತ್ತಿನಲ್ಲಿ ಇಷ್ಟು ಮಳೆ ಬಿದ್ದರೆ ಎಚ್ಚರ ಎಂಬ ಒಂದು ಗೆರೆ ಎಳೆಯಬಹುದು. ಜೋರು ಮಳೆಯಾಗಿಯೂ ಏನೂ ಜರಿಯದ ದಿನಗಳೂ ಈ ಲೆಕ್ಕಕ್ಕೆ ಬೇಕು. ಅವನ್ನು ಬಿಟ್ಟರೆ ಗೆರೆ ತೀರಾ ಕೆಳಗಿಳಿಯುತ್ತದೆ. ಪ್ರತಿ ಮಳೆಗೂ ಎಚ್ಚರಿಕೆ ಬಂದರೆ ಜನ ನಂಬುವುದನ್ನೇ ಬಿಡುತ್ತಾರೆ.

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇಂಥ ಮುನ್ಸೂಚನೆಯನ್ನು ಡಾರ್ಜಿಲಿಂಗ್, ಕಾಲಿಂಪಾಂಗ್, ನೀಲಗಿರಿಗಳಲ್ಲಿ ಮೊದಲು ಪ್ರಯೋಗ ಮಾಡಿತು. ಕೋಲ್ಕತ್ತದಲ್ಲಿ ರಾಷ್ಟ್ರೀಯ ಭೂಕುಸಿತ ಮುನ್ಸೂಚನಾ ಕೇಂದ್ರ ಉದ್ಘಾಟನೆ ಆದದ್ದು 2024ರ ಜುಲೈ 19ರಂದು. ಶಿರೂರಿನ ಗುಡ್ಡ ಜರಿದು ಆಗ ಮೂರೇ ದಿನ ಆಗಿತ್ತು.

ಸುದ್ದಿಯಾಗದ ಗುಡ್ಡಗಳು

ಸುದ್ದಿಯನ್ನೇ ನಂಬಿ ಕಟ್ಟಿದ ನಕ್ಷೆಯಲ್ಲಿ ಚುಕ್ಕೆಗಳೆಲ್ಲ ರಸ್ತೆಯ ಗುಂಟ ಸಾಲಾಗಿ ನಿಲ್ಲುತ್ತವೆ. ರಸ್ತೆ ಇದ್ದಲ್ಲಿ ಜನ, ಜನ ಇದ್ದಲ್ಲಿ ಮೊಬೈಲ್, ಮೊಬೈಲ್ ಇದ್ದಲ್ಲಿ ಸುದ್ದಿ. ಕಾಡಿನೊಳಗೆ ಜರಿದದ್ದು ಯಾರಿಗೂ ಕಾಣದು. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಹೆಬ್ಬೆಟ್ಟಗೇರಿ ಕಡೆ ರಸ್ತೆಯೂ ಕರೆಂಟೂ ಹೋದಾಗ, ಹೆಚ್ಚು ಪೆಟ್ಟು ತಿಂದ ಊರುಗಳಿಂದಲೇ ಸುದ್ದಿ ತಡವಾಗಿ ಬಂತು. ಅಂಥ ಹೊತ್ತಿನಲ್ಲಿ ಮೌನವನ್ನು ‘ಏನೂ ಆಗಿಲ್ಲ’ ಎಂದು ಓದುವ ವ್ಯವಸ್ಥೆ ಅಪಾಯಕಾರಿ.

ಇಲ್ಲಿ ಉಪಗ್ರಹ ನೆರವಿಗೆ ಬರುತ್ತದೆ. ಇಸ್ರೊದ ರಾಷ್ಟ್ರೀಯ ದೂರ ಸಂವೇದಿ ಕೇಂದ್ರ 2023ರಲ್ಲಿ ಭಾರತದ ಭೂಕುಸಿತ ಅಟ್ಲಾಸ್ ಹೊರತಂದಿತು. 1998ರಿಂದ 2022ರ ನಡುವಿನ ಸುಮಾರು 80 ಸಾವಿರ ಕುಸಿತಗಳು ಅದರಲ್ಲಿವೆ. ಇಡೀ ಜಗತ್ತಿನ ಸುದ್ದಿ ಸೋಸಿದ ನಾಸಾಗೆ ಸಿಕ್ಕಿದ್ದು ಹನ್ನೊಂದು ಸಾವಿರ. ಎರಡರ ರೀತಿ ಬೇರೆ ನಿಜ, ಆದರೂ ಸುದ್ದಿಯ ಕಣ್ಣಿಗೆ ಬೀಳದ್ದು ಎಷ್ಟಿದೆ ಎಂದು ಇದರಿಂದ ಊಹಿಸಬಹುದು. ಹಾಗೆಂದು ಉಪಗ್ರಹ ಸಾಕು ಅನ್ನುವಂತಿಲ್ಲ. ಮಳೆಗಾಲದ ಘಟ್ಟದ ಮೇಲೆ ವಾರಗಟ್ಟಲೆ ಮೋಡ. ಮೋಡ ಸರಿದ ಮೇಲೆ ಹಸಿರಿನ ನಡುವೆ ಕೆಂಪು ಗಾಯ ಕಾಣುತ್ತದೆ, ಅದು ಯಾವ ರಾತ್ರಿ ಎಷ್ಟು ಗಂಟೆಗೆ ಆಯಿತು ಎಂಬುದು ಕಾಣುವುದಿಲ್ಲ. ಜಾಗ ಮತ್ತು ಅಳತೆಯನ್ನು ಉಪಗ್ರಹ ಹೇಳುತ್ತದೆ. ಗಂಟೆಯನ್ನೂ, ಅದಕ್ಕೆ ಮುಂಚೆ ಬಾವಿ ನೀರು ಕೆಂಪಾದದ್ದನ್ನೂ ನೆಲ ಬಿರುಕು ಬಿಟ್ಟದ್ದನ್ನೂ ಹೇಳುವವರು ಊರಿನವರೇ.

ತರುವಾಗ ಇರಬೇಕಾದ ನಡತೆ

ಎಷ್ಟೋ ಜಾಲತಾಣಗಳು ಕ್ರಾಲರ್‌ಗಳಿಗೆ ಎಲ್ಲಿ ಬರಬಹುದು, ಎಲ್ಲಿ ಬರಬಾರದು ಎಂದು ಒಂದು ಸಣ್ಣ ಕಡತದಲ್ಲಿ ಬರೆದಿಟ್ಟಿರುತ್ತವೆ. ಅದನ್ನು ಪಾಲಿಸಬೇಕು. ವಿಪತ್ತಿನ ದಿನ ಜಿಲ್ಲಾಡಳಿತದ ಪುಟವನ್ನು ನಿಮಿಷಕ್ಕೆ ನೂರು ಸಲ ತಟ್ಟಿದರೆ, ನಿಜವಾಗಿ ಸಹಾಯವಾಣಿ ನಂಬರ್ ಹುಡುಕುವವರಿಗೆ ಪುಟ ತೆರೆಯದೇ ಹೋಗಬಹುದು. ಸುದ್ದಿಯ ಬರಹ ಪತ್ರಿಕೆಯದು, ಅದನ್ನು ಹಾಗೇ ಎತ್ತಿ ಹಾಕುವಂತಿಲ್ಲ. ಅದರಲ್ಲಿರುವ ಸಂಗತಿ ತೆಗೆದುಕೊಂಡು ಮೂಲಕ್ಕೆ ಕೊಂಡಿ ಕೊಡಬೇಕು.

ಜನರ ವಿವರಗಳದ್ದು ಇನ್ನೂ ಸೂಕ್ಷ್ಮ. 2018ರ ಕೇರಳ ಪ್ರವಾಹದಲ್ಲಿ ‘ಇಲ್ಲಿ ಅಜ್ಜಿ ಒಬ್ಬರೇ ಇದ್ದಾರೆ, ಈ ನಂಬರಿಗೆ ಕರೆ ಮಾಡಿ’ ಎಂಬಂಥ ಸಾವಿರಾರು ಸಂದೇಶಗಳು ಹರಿದಾಡಿದವು. ಆ ದಿನ ಅವು ಜೀವ ಉಳಿಸಿದವು. ನೀರಿಳಿದ ಮೇಲೆ ಆ ನಂಬರ್, ಆ ವಿಳಾಸ ದಾಖಲೆಯಲ್ಲಿ ಇರಬೇಕಾದ ಅಗತ್ಯ ಇಲ್ಲ. ಜಾಗ ಮತ್ತು ಹೊತ್ತು ಇಟ್ಟುಕೊಂಡು ಉಳಿದದ್ದನ್ನು ಅಳಿಸಬೇಕು. ಸತ್ತವರ ಹೆಸರುಗಳೂ ಹಾಗೇ. ಮಳೆ ಮತ್ತು ಗುಡ್ಡದ ಸಂಬಂಧ ತಿಳಿಯಲು ಯಾರ ಹೆಸರೂ ಬೇಕಾಗಿಲ್ಲ.

ಕೊನೆಗೆ ನೀವು ಮಾಡಬಹುದಾದದ್ದು. ನಿಮ್ಮ ಊರಿನ ದಾರಿಯಲ್ಲಿ ಧರೆ ಜರಿದದ್ದು ಕಂಡರೆ, ಸುರಕ್ಷಿತವಾಗಿ ದೂರ ನಿಂತು ಒಂದು ಫೋಟೊ ತೆಗೆಯಿರಿ. ಅದರ ಜೊತೆ ಊರು, ತಾಲ್ಲೂಕು, ಹತ್ತಿರದ ಕಿಲೋಮೀಟರ್ ಕಲ್ಲು ಅಥವಾ ಶಾಲೆ, ದಿನಾಂಕ, ಬಿದ್ದ ಹೊತ್ತು ಬರೆಯಿರಿ. ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ‘ಭೂಸ್ಖಲನ್’ ಆ್ಯಪ್‌ನಲ್ಲಿ ಹಾಕಬಹುದು, ನಾಸಾದ ಪಟ್ಟಿಗೂ ಹಾಕಬಹುದು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೂ ಈ ಐದು ವಿವರ ಸೇರಿಸಿಯೇ ಕಳಿಸಿ. ತಾಲ್ಲೂಕಿನ ಹೆಸರನ್ನಂತೂ ಬಿಡಬೇಡಿ. ನಿಮ್ಮೂರಿನ ಹೆಸರಿನ ಇನ್ನೊಂದು ಊರು ಎಲ್ಲಾದರೂ ಇದ್ದೇ ಇರುತ್ತದೆ.